ಇರಲು ಯೋಗ್ಯತೆ ಕೇಳುವವರು ಯಾರು?

ಮಳೆ ಕೈಕೊಟ್ಟ ವರ್ಷ ನಾಗಮಂಗಲ ತಾಲ್ಲೂಕಿನ ದೇವಲಾಪುರದ ಕಡೆ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. "ಈ ನರಮನುಷ್ಯ ಇರೋದ್ರಿಂದ್ಲೇ ಕಣಣ್ಣ ಇಷ್ಟೆಲ್ಲಾ ಆಗಿರೋದು. ನಾವು ತೊಲಗಿದ್ರೆ ಭೂಮ್ತಾಯಿ ತಣ್ಣಗಿರ್ತಾಳೆ." ರಾಗಿ ಪೈರು ತೆನೆ ಕಟ್ಟುವ ಮುಂಚೆಯೇ ಒಣಗಿ ನಿಂತಾಗ, ಸಾಲ ಮಾಡಿ ಕೊರೆಸಿದ ಬೋರ್‌ವೆಲ್ ಬರೀ ಧೂಳು ಕಾರಿದಾಗ ಈ ಮಾತು ಬರುತ್ತದೆ. ಕನ್ನಂಬಾಡಿ ಕಟ್ಟೆಯ (ಕೆಆರ್‌ಎಸ್) ನಾಲೆ ನೀರು ಪಾಂಡವಪುರ, ಶ್ರೀರಂಗಪಟ್ಟಣಗಳ ಗದ್ದೆ ತೋಯಿಸಿದಷ್ಟು ಸುಲಭವಾಗಿ ಈ ಕಡೆಗೆ ಹರಿದಿಲ್ಲ. ಇಲ್ಲಿಯವರು ಮುಗಿಲು ನೋಡಿಯೇ ಬೇಸಾಯ ಮಾಡಿದವರು. ಅವರ ಬಾಯಲ್ಲಿ ಇದು ಬರೀ ಬೇಸರದ ಮಾತಲ್ಲ, ಕಣ್ಣಾರೆ ಕಂಡದ್ದರ ಮೇಲೆ ಕೊಟ್ಟ ತೀರ್ಪು.

ಇದನ್ನೇ ದೊಡ್ಡ ದೊಡ್ಡ ಗ್ರಂಥಗಳಲ್ಲಿ ವಾದ ಕಟ್ಟಿ ಹೇಳಿದವರೂ ಇದ್ದಾರೆ. ಅಮೆರಿಕದ ಲೆಸ್ ನೈಟ್ ಎಂಬುವರು 1991ರಿಂದ ಒಂದು ಚಳವಳಿಯನ್ನೇ ನಡೆಸಿಕೊಂಡು ಬಂದಿದ್ದಾರೆ. ಯಾರನ್ನೂ ಕೊಲ್ಲುವುದು ಬೇಡ, ಎಲ್ಲರೂ ಸ್ವಂತ ಮನಸ್ಸಿನಿಂದ ಹೆರುವುದನ್ನು ನಿಲ್ಲಿಸಿದರೆ ಸಾಕು, ಮನುಷ್ಯಕುಲ ಸದ್ದಿಲ್ಲದೆ ಮುಗಿದು ಉಳಿದ ಜೀವಿಗಳು ಉಸಿರಾಡುತ್ತವೆ ಎಂಬುದು ಅವರ ವಾದ. ದಕ್ಷಿಣ ಆಫ್ರಿಕಾದ ತತ್ತ್ವಶಾಸ್ತ್ರಜ್ಞ ಡೇವಿಡ್ ಬೆನಟಾರ್ 2006ರಲ್ಲಿ ಬರೆದ ಪುಸ್ತಕದಲ್ಲಿ ಇನ್ನೂ ಮುಂದೆ ಹೋಗಿ, ಹುಟ್ಟುವುದೇ ಹುಟ್ಟಿದವರಿಗೆ ಆಗುವ ಕೇಡು ಎಂದರು. 2019ರಲ್ಲಿ ಮುಂಬೈನ ಒಬ್ಬ ಯುವಕ, ನನ್ನ ಒಪ್ಪಿಗೆ ಕೇಳದೆ ಹುಟ್ಟಿಸಿದಿರಿ ಎಂದು ಹೆತ್ತವರ ಮೇಲೆ ದಾವೆ ಹೂಡುವುದಾಗಿ ಹೇಳಿ ಸುದ್ದಿಯಾದ. ಇವರನ್ನು ತಲೆಕೆಟ್ಟವರೆಂದು ತಳ್ಳಿಹಾಕುವುದು ಸರಿಯಲ್ಲ. ಇವರು ಕಂಡ ನೋವು ನಿಜವಾದದ್ದು, ಕೇಳಿದ ಪ್ರಶ್ನೆಯೂ ಸಾಚಾ.

ಆರೋಪಪಟ್ಟಿ ಸಣ್ಣದೇನಲ್ಲ. ನಮ್ಮದೇ ಸೀಮೆಯಲ್ಲಿ ನೋಡಿ. ಕಾವೇರಿಯ ಒಡಲಿನಿಂದ ಮರಳನ್ನು ರಾತ್ರೋರಾತ್ರಿ ಬಗೆದು ಸಾಗಿಸಿದವರು ನಾವೇ. ಪಾಂಡವಪುರದ ಬೇಬಿಬೆಟ್ಟದ ಸುತ್ತ ಕಲ್ಲು ಸಿಡಿಸುತ್ತ ಸಿಡಿಸುತ್ತ, ಕೊನೆಗೆ ಕಟ್ಟೆಗೇ ಅಪಾಯವಾದೀತೆಂದು 2024ರ ಜನವರಿಯಲ್ಲಿ ಹೈಕೋರ್ಟು ಕೆಆರ್‌ಎಸ್ ಸುತ್ತಲಿನ 20 ಕಿಲೋಮೀಟರ್ ಒಳಗೆ ಗಣಿಗಾರಿಕೆ ಕೂಡದೆಂದು ತಡೆಯುವ ಹಂತಕ್ಕೆ ತಂದವರೂ ನಾವೇ. ಕಾಡು ಕರಗಿ ಕಬ್ಬಿನ ಗದ್ದೆಯೇ ಕಾಡಾಗಿ, ಚಿರತೆ ಅಲ್ಲೇ ಮರಿ ಹಾಕುವುದನ್ನು ಈ ತಾಲ್ಲೂಕುಗಳವರು ಕಟಾವಿನ ಹೊತ್ತಿನಲ್ಲಿ ಕಂಡಿದ್ದಾರೆ. 2022ರ ಕೊನೆಯಲ್ಲಿ ಕೆಆರ್‌ಎಸ್‌ನ ಬೃಂದಾವನ ಉದ್ಯಾನದೊಳಕ್ಕೇ ಚಿರತೆ ಬಂದು ಪ್ರವಾಸಿಗರಿಗೆ ಬಾಗಿಲು ಮುಚ್ಚಬೇಕಾಯಿತು. ಬೋನು ಇಟ್ಟು, ಹಿಡಿದು, ಎಲ್ಲಿಗೋ ಬಿಟ್ಟು ಬರುತ್ತೇವೆ. ಅದರ ಜಾಗ ಯಾವುದು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಇಷ್ಟಾದರೂ ಈ ಮಂಡ್ಯ ಜಿಲ್ಲೆಯಲ್ಲಿ ಮನುಷ್ಯನ ಮೇಲೆ ನಂಬಿಕೆ ಹೋಗುವಂಥ ಸಂಗತಿ ಇದ್ಯಾವುದೂ ಅಲ್ಲ. ಅದು ನಡೆದದ್ದು ಒಂದು ಆಲೆಮನೆಯಲ್ಲಿ.

ಆಲೆಮನೆ ಎಂದರೆ ಮಂಡ್ಯದವರ ಬಾಯಲ್ಲಿ ನೀರೂರುತ್ತದೆ. ಗಾಣಕ್ಕೆ ಕಬ್ಬು ಕೊಡುವವನೊಬ್ಬ, ಒಣಗಿದ ಸಿಪ್ಪೆಯನ್ನು ಒಲೆಗೆ ನೂಕುವವನೊಬ್ಬ, ಕೊಪ್ಪರಿಗೆಯ ಮುಂದೆ ನಿಂತು ಪಾಕದ ಹದ ನೋಡುವವನೊಬ್ಬ. ಬಿಸಿ ಪಾಕ ಅಚ್ಚಿಗೆ ಬೀಳುವ ಹೊತ್ತಿಗೆ ಊರ ಮಕ್ಕಳೆಲ್ಲ ಅಲ್ಲಿ ಹಾಜರು. ದಾರಿಹೋಕ ಬಂದು ಕೇಳಿದರೂ ಒಂದು ಲೋಟ ಕಬ್ಬಿನ ಹಾಲು, ಒಂದು ತುಂಡು ಬೆಲ್ಲ ಇಲ್ಲವೆನ್ನದೆ ಕೊಡುವ ಜಾಗ ಅದು. 2023ರ ಕೊನೆಯಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಒಂದು ಜಾಲವನ್ನು ಬೆನ್ನುಹತ್ತಿ ಬಂದಾಗ, ಮಂಡ್ಯದ ಇಂಥದೇ ಒಂದು ಆಲೆಮನೆ ಹೊಟ್ಟೆಯಲ್ಲಿರುವ ಕೂಸು ಹೆಣ್ಣೋ ಗಂಡೋ ಎಂದು ನೋಡುವ ತಾಣವಾಗಿದ್ದದ್ದು ಬಯಲಿಗೆ ಬಂತು. ಒಳಗೆ ಸ್ಕ್ಯಾನಿಂಗ್ ಯಂತ್ರ. ಹೆಣ್ಣೆಂದು ಗೊತ್ತಾದರೆ ಮೈಸೂರಿಗೆ ಕರೆದೊಯ್ದು ತೆಗೆಸುವ ಏರ್ಪಾಡು. ಗಿರಾಕಿ ಹುಡುಕಿ ತರಲು ದಲ್ಲಾಳಿಗಳು, ನೋಡಲು ಟೆಕ್ನಿಷಿಯನ್‌ಗಳು, ಮುಗಿಸಲು ವೈದ್ಯರು. ಹೀಗೆ ಸುಮಾರು 900 ಭ್ರೂಣಗಳನ್ನು ತೆಗೆಸಲಾಗಿದೆ ಎಂದು ತನಿಖೆಯ ಹೊತ್ತಿನಲ್ಲಿ ಪೊಲೀಸರು ಹೇಳಿದರು. ಸರ್ಕಾರ ಪ್ರಕರಣವನ್ನು ಸಿಐಡಿಗೆ ಒಪ್ಪಿಸಿತು. ಇನ್ನು ಬುದ್ಧಿ ಬಂದೀತು ಎಂದುಕೊಳ್ಳುವಷ್ಟರಲ್ಲಿ, 2024ರ ಮೇ ತಿಂಗಳಲ್ಲಿ ಪಾಂಡವಪುರದ ಸರ್ಕಾರಿ ಆಸ್ಪತ್ರೆಯ ಸಿಬ್ಬಂದಿ ವಸತಿಗೃಹದಲ್ಲೇ ಅದೇ ದಂಧೆ ಸಿಕ್ಕಿಬಿತ್ತು.

ಬರಗಾಲದಲ್ಲಿ ಹಸಿವಿಗೆ ಮಕ್ಕಳನ್ನು ಕಳೆದುಕೊಂಡ ನಾಡು ಇದು. 1876ರಿಂದ 78ರವರೆಗಿನ ದೊಡ್ಡ ಬರದ ಏಟು ಎಷ್ಟಿತ್ತೆಂದರೆ, 1871ರ ಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದೊಳಕ್ಕೆ ಇಳಿದಿತ್ತು. ಆ ಸಾವುಗಳಿಗೆ ಕಾರಣ ಮುನಿದ ಮುಗಿಲೂ ಹೌದು, ಅನ್ನ ತಲುಪಿಸದ ಆಡಳಿತವೂ ಹೌದು. ಆಲೆಮನೆಯಲ್ಲಿ ನಡೆದದ್ದಕ್ಕೆ ಯಾವ ಬರವೂ ಕಾರಣವಲ್ಲ. ಹೊಟ್ಟೆ ತುಂಬಿದ, ಕಾರಿನಲ್ಲಿ ಬಂದು ಇಳಿಯುವಷ್ಟು ಅನುಕೂಲವಿದ್ದ ಮನೆಗಳೂ ದುಡ್ಡು ಕೊಟ್ಟು ಕೇಳಿದ ಸೇವೆ ಅದು.

ಇನ್ನೊಂದು ಸಂಗತಿ ಇದೆ. ಅದನ್ನು ಇದರ ಪಕ್ಕದಲ್ಲಿ ಇಡದೆ ನನಗೆ ಮುಂದೆ ಬರೆಯಲಾಗದು. ಇದೇ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಕೊಕ್ಕರೆ ಬೆಳ್ಳೂರು ಇದೆ. ಚಳಿಗಾಲ ಬಂತೆಂದರೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಬಂದು ಊರೊಳಗಿನ ಮರಗಳ ಮೇಲೆ ಗೂಡು ಕಟ್ಟುತ್ತವೆ. ಕಾಡಿನ ಮರಗಳ ಮೇಲಲ್ಲ, ಮನೆ ಹಿತ್ತಲಿನ ಹುಣಸೆ ಮರದ ಮೇಲೆ, ಬೀದಿ ಬದಿಯ ಆಲ ಅತ್ತಿಗಳ ಮೇಲೆ. ಗೂಡು ಕಟ್ಟಿದ ಮರದ ಹುಣಸೆಹಣ್ಣು ಕೈಗೆ ಹತ್ತುವುದಿಲ್ಲ. ಅಂಗಳವೆಲ್ಲ ಹಿಕ್ಕೆ, ಮೀನಿನ ವಾಸನೆ. ಆದರೂ ಊರವರು ಓಡಿಸುವುದಿಲ್ಲ. ಹಿಕ್ಕೆಯನ್ನು ಮರದ ಬುಡದಲ್ಲೇ ಗೊಬ್ಬರ ಮಾಡಿ ಹೊಲಕ್ಕೆ ಹೊಡೆಯುತ್ತಾರೆ. ಗೂಡಿನಿಂದ ಬಿದ್ದ ಮರಿಗೆ ಮೀನು ತಿನ್ನಿಸಿ ಸಾಕುತ್ತಾರೆ. ಅರಣ್ಯ ಇಲಾಖೆ ಮರದ ಲೆಕ್ಕದಲ್ಲಿ ಪರಿಹಾರ ಕೊಡಲು ಶುರುಮಾಡಿದ್ದು ಆಮೇಲೆ. ಊರವರ ಈ ನಡೆ ಅದಕ್ಕಿಂತ ಹಳೆಯದು. ಯಾಕೆ ಹೀಗೆ ಎಂದು ಕೇಳಿದರೆ ಅಲ್ಲಿಯ ಹೆಂಗಸರು ಕೊಡುವ ಉತ್ತರ ಬಹಳ ಜನಕ್ಕೆ ಗೊತ್ತು: ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳನ್ನು ಯಾರಾದರೂ ಓಡಿಸುತ್ತಾರೆಯೇ?

ಒಂದೇ ಜಿಲ್ಲೆ, ಒಂದೇ ಮಾತು, ಒಂದೇ ರಾಗಿಮುದ್ದೆ ಉಣ್ಣುವ ಜನ. ಒಂದು ಕಡೆ ದೂರದಿಂದ ಹಾರಿಬಂದ ಹಕ್ಕಿ ಮಗಳಾಗುತ್ತದೆ, ಇನ್ನೊಂದು ಕಡೆ ಹೊಟ್ಟೆಯಲ್ಲಿರುವ ಮಗಳು ಹೊರೆಯಾಗುತ್ತಾಳೆ. ಮನುಷ್ಯಕುಲ ಇರಲು ಯೋಗ್ಯವೇ ಎಂದು ಕೇಳುವವರಿಗೆ ಈ ಎರಡರಲ್ಲಿ ಯಾವುದನ್ನು ಸಾಕ್ಷಿಗೆ ಕರೆಯುವುದು? ಎರಡನ್ನೂ ತಕ್ಕಡಿಗೆ ಹಾಕಿ, ಒಳ್ಳೆಯದು ಇಷ್ಟು, ಕೆಟ್ಟದ್ದು ಇಷ್ಟು ಎಂದು ತೂಗಿ ಹೇಳುವ ಆಸೆ ಆಗುತ್ತದೆ. ನಾನು ಅದಕ್ಕೆ ಒಪ್ಪುವುದಿಲ್ಲ. ತಪ್ಪು ಇರುವುದು ತೂಕದಲ್ಲಲ್ಲ, ತೂಗಲು ಹೊರಟದ್ದರಲ್ಲಿ.

ಆಲೆಮನೆಯಲ್ಲಿ ನಡೆದದ್ದಾದರೂ ಏನು? ಇನ್ನೂ ಹುಟ್ಟದ ಒಂದು ಜೀವದ ಮುಂದೆ ಇರಲು ನಿನಗೇನು ಯೋಗ್ಯತೆ ಎಂಬ ಪ್ರಶ್ನೆ ಇಟ್ಟರು. ವರದಕ್ಷಿಣೆ ಲೆಕ್ಕ ಹಾಕಿದರು, ಜಮೀನಿನ ಪಾಲಿನ ಲೆಕ್ಕ ಹಾಕಿದರು, ಕೊಳ್ಳಿ ಇಡುವವರು ಯಾರು ಎಂದು ಕೇಳಿದರು, ಕಡೆಗೆ ಇಲ್ಲ ಎಂದು ತೀರ್ಪು ಕೊಟ್ಟರು. ಕೊಕ್ಕರೆ ಬೆಳ್ಳೂರಿನಲ್ಲಿ ಆ ಪ್ರಶ್ನೆಯನ್ನೇ ಯಾರೂ ಕೇಳಲಿಲ್ಲ. ಹಕ್ಕಿ ಬಂತು, ಇದೆ, ಮರಿ ಮಾಡಿದೆ, ಇರಲಿ ಎಂದರು. ಕೇಡು ಹುಟ್ಟುವುದು ಯೋಗ್ಯತೆ ನೋಡಿ ಬದುಕು ಹಂಚುವ ಅಧಿಕಾರವನ್ನು ಕೈಗೆ ತೆಗೆದುಕೊಂಡಾಗ. ಆ ಅಧಿಕಾರ ಹೆಣ್ಣು ಕೂಸಿನ ಮೇಲೆ ಚಲಾಯಿಸಿದರೂ ಅಷ್ಟೇ, ತೋಳದ ಮೇಲೆ ಚಲಾಯಿಸಿದರೂ ಅಷ್ಟೇ, ಇಡೀ ಮನುಷ್ಯಕುಲದ ಮೇಲೆ ಚಲಾಯಿಸಿದರೂ ಅಷ್ಟೇ.

ತೋಳದ ಹೆಸರು ಸುಮ್ಮನೆ ಎತ್ತಲಿಲ್ಲ. ಬ್ರಿಟಿಷರ ಕಾಲದಲ್ಲಿ ತೋಳ ಕೊಂದವರಿಗೆ ಇನಾಮು ಕೊಡುತ್ತಿದ್ದರು. ಕುರಿ ತಿನ್ನುವ ಪ್ರಾಣಿ ಬದುಕಲು ಲಾಯಕ್ಕಲ್ಲ ಎಂಬುದು ಆಗಿನ ತೀರ್ಪು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ, 1974ರಲ್ಲಿ ಮೇಲುಕೋಟೆಯ ಸುತ್ತಲಿನ ಕುರುಚಲು ಕಾಡನ್ನು ವನ್ಯಧಾಮ ಎಂದು ಸಾರಿದರು. ಮುಖ್ಯವಾಗಿ ಅದೇ ತೋಳವನ್ನು ಉಳಿಸಲು. ನೂರು ವರ್ಷದ ಒಳಗೆ ತೀರ್ಪು ತಲೆಕೆಳಗಾಯಿತು. ಬದಲಾದದ್ದು ತೋಳವಲ್ಲ, ಅದು ಈಗಲೂ ಕುರಿ ತಿನ್ನುತ್ತದೆ.

ಮನುಷ್ಯರ ಮೇಲೆಯೇ ಈ ತಕ್ಕಡಿ ಹಿಡಿದಾಗ ಏನಾಯಿತೆಂದು ಇಪ್ಪತ್ತನೇ ಶತಮಾನ ನೋಡಿದೆ. 1933ರಲ್ಲಿ ಹಿಟ್ಲರನ ಜರ್ಮನಿ ಹೆರಲು ಯಾರು ಯೋಗ್ಯರಲ್ಲ ಎಂದು ಕಾನೂನು ಮಾಡಿ ಸುಮಾರು 4 ಲಕ್ಷ ಜನರನ್ನು ಬಲವಂತವಾಗಿ ಬಂಜೆ ಮಾಡಿತು. ಅದರ ಮುಂದಿನ ಮೆಟ್ಟಿಲು ಆಸ್ಪತ್ರೆಗಳಲ್ಲಿದ್ದ ಅಂಗವಿಕಲರ ಕೊಲೆ. ನಮ್ಮಲ್ಲಿ ತುರ್ತುಪರಿಸ್ಥಿತಿಯ ಕಾಲದಲ್ಲಿ, 1976–77ರ ಒಂದೇ ಸಾಲಿನಲ್ಲಿ, 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಟಾರ್ಗೆಟ್ ಮುಟ್ಟಿಸಲು ಹಿಡಿದು ತಂದವರಲ್ಲಿ ಬಡವರೇ ಹೆಚ್ಚು. ಜನ ಜಾಸ್ತಿಯಾದರು ಎಂದು ಯಾರು ಹೇಳಲಿ, ಮೊದಲು ಕಡಿಮೆಯಾಗಬೇಕಾದವರ ಪಟ್ಟಿಯಲ್ಲಿ ಹೇಳಿದವರ ಹೆಸರು ಇರುವುದಿಲ್ಲ. ಭೂಮಿಯ ಬಿಸಿ ಏರಿಸಿದ ಪಾಪದ ಪಾಲನ್ನೇ ನೋಡಿ: ವರ್ಷಕ್ಕೆ ತಲಾ ಒಬ್ಬ ಅಮೆರಿಕನ್ನನ ಲೆಕ್ಕಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್ ಬಿದ್ದರೆ, ಭಾರತೀಯನ ಲೆಕ್ಕಕ್ಕೆ ಸುಮಾರು 2 ಟನ್. ದೇವಲಾಪುರದಲ್ಲಿ ಎರಡು ಕುರಿ, ಒಂದೆಕರೆ ರಾಗಿ ಹೊಲ ನಂಬಿದ ಮುದುಕಿಯ ಪಾಲು ಅದರಲ್ಲಿ ಎಷ್ಟು ಸಣ್ಣದು! "ಮನುಷ್ಯಕುಲ ತಪ್ಪಿತಸ್ಥ" ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟರೆ, ಉಂಡವನ ಜೊತೆಗೆ ಎಲೆ ಎತ್ತಿದವಳಿಗೂ ಅದೇ ಶಿಕ್ಷೆಯಾಗುತ್ತದೆ.

ಇಲ್ಲಿ ಲೆಸ್ ನೈಟ್ ಅಂಥವರು ಎದ್ದುನಿಂತು, ನಾವು ಯಾರನ್ನೂ ಬಲವಂತ ಮಾಡುತ್ತಿಲ್ಲವಲ್ಲ, ಸಾಲ ಮಾಡಿದವರು ತಾವಾಗಿಯೇ ಹೊರಟುಹೋಗಲಿ ಎನ್ನುತ್ತೇವೆ ಎಂದಾರು. ಆದರೆ ಸಾಲಗಾರ ರಾತ್ರೋರಾತ್ರಿ ಊರು ಬಿಟ್ಟರೆ ಸಾಲ ತೀರುವುದಿಲ್ಲ, ಜಾಮೀನು ನಿಂತವರ ತಲೆಗೆ ಬರುತ್ತದೆ. ನಾವು ಕಟ್ಟಿಟ್ಟದ್ದನ್ನೇ ನೋಡಿ: 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಸರಪಳಿ ಕಳಚಿ ಗೇಟು ಕೊಚ್ಚಿಹೋಯಿತು. ವಯಸ್ಸಾದ ಎಂಜಿನಿಯರ್ ಕನ್ನಯ್ಯ ನಾಯ್ಡು ಅವರ ಮುಂದಾಳುತನದಲ್ಲಿ, ಹರಿಯುವ ನೀರಿನಲ್ಲೇ ಉಕ್ಕಿನ ಹಲಗೆಗಳನ್ನು ಇಳಿಸಿ, ಸುಮಾರು ಒಂದು ವಾರದಲ್ಲಿ ಅದನ್ನು ಮುಚ್ಚಿದರು. ಕನ್ನಂಬಾಡಿಯಲ್ಲೂ ಅಷ್ಟೇ, ಮಳೆಗಾಲದಲ್ಲಿ ನೀರಿನ ಮಟ್ಟ ನೋಡುತ್ತ ಗೇಟಿನ ಹತ್ತಿರ ಯಾರಾದರೂ ಎಚ್ಚರವಾಗಿ ಇರಲೇಬೇಕು. ಕೈಗಾದ ಅಣುಸ್ಥಾವರದಲ್ಲಿ ಉರಿದು ಉಳಿದ ಇಂಧನವನ್ನು ತಲೆಮಾರುಗಟ್ಟಲೆ ಕಾಯಬೇಕು. ನಾವು ತೊಲಗಿದ ಮಾತ್ರಕ್ಕೆ ಭೂಮಿ ತಣ್ಣಗಾಗುವುದಿಲ್ಲ. ಕಟ್ಟಿದ್ದನ್ನು, ಕೆಡಿಸಿದ್ದನ್ನು ನೋಡಿಕೊಳ್ಳುವ ಕೈ ಬೇಕು. ಆ ಕೈ ನಮಗೆ ಮಾತ್ರ ಇದೆ.

ಆ ಕೈ ಏನು ಮಾಡಬಲ್ಲದು ಎನ್ನುವುದಕ್ಕೆ ಶ್ರೀರಂಗಪಟ್ಟಣಕ್ಕೆ ಹೋದರೆ ಸಾಕು. ಕಂಠೀರವ ನರಸರಾಜ ಒಡೆಯರು 1645ರಿಂದ 1648ರ ನಡುವೆ ಕಾವೇರಿಗೆ ಕಟ್ಟೆ ಕಟ್ಟಿಸಿದ್ದು ಗದ್ದೆಗೆ ನೀರು ಹರಿಸಲು. ನೀರು ನಿಂತಲ್ಲಿ ನಡುಗಡ್ಡೆಗಳಾದವು, ನಡುಗಡ್ಡೆಗಳಲ್ಲಿ ಗಿಡಮರ ಬೆಳೆದವು, ಹಕ್ಕಿಗಳು ಬಂದು ಸೇರಿದವು. ಮುನ್ನೂರು ವರ್ಷ ಕಳೆಯುತ್ತ ಬಂದಾಗ ಸಲೀಂ ಅಲಿ ಅದನ್ನು ನೋಡಿ ಮೈಸೂರು ಅರಸರಿಗೆ ಹೇಳಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್‌ಸರ್ ಪಟ್ಟಿಗೂ ಸೇರಿತು. ಕಟ್ಟೆ ಕಟ್ಟಿದವರ ಮನಸ್ಸಿನಲ್ಲಿ ಹಕ್ಕಿ ಇರಲಿಲ್ಲ. ಮುಂದೆ ಬಂದವರು ಕಣ್ಣು ತೆರೆದು ನೋಡಿದರು, ನೋಡಿದ ಮೇಲೆ ಕಾಪಾಡಿದರು.

ರಣಹದ್ದಿನ ಕತೆ ಇದಕ್ಕಿಂತ ಕಹಿ. 1990ರ ದಶಕದಿಂದ ಈಚೆಗೆ ದೇಶದ ರಣಹದ್ದುಗಳು ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಅಳಿದವು. ನೋವು ತಿನ್ನುವ ದನಕ್ಕೆ ಕರುಣೆಯಿಂದ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧವೇ, ಸತ್ತ ದನ ತಿಂದ ಹದ್ದಿನ ಮೂತ್ರಪಿಂಡ ಕೆಡಿಸುತ್ತಿತ್ತು. 2004ರಲ್ಲಿ ವಿಜ್ಞಾನಿಗಳು ಅದನ್ನು ಪತ್ತೆ ಹಚ್ಚಿದರು. 2006ರಲ್ಲಿ ಪಶುವೈದ್ಯಕ್ಕೆ ಅದರ ಬಳಕೆ ನಿಷೇಧವಾಯಿತು. 2012ರಲ್ಲಿ ರಾಮನಗರದ ರಾಮದೇವರಬೆಟ್ಟ ರಣಹದ್ದುಗಳ ಧಾಮವಾಯಿತು. ಹೋದ ಹದ್ದುಗಳು ತಿರುಗಿ ಬರಲಿಲ್ಲ, ನಿಜ. ಆದರೂ ಒಂದು ಪ್ರಾಣಿ ತಾನು ಮಾಡಿದ ಕೊಲೆಯನ್ನು ತಾನೇ ಪತ್ತೆ ಹಚ್ಚಿ, ತಾನೇ ತನಗೆ ಕಾನೂನು ಮಾಡಿಕೊಂಡದ್ದು ಈ ಭೂಮಿಯ ಮೇಲೆ ಮನುಷ್ಯರಲ್ಲಿ ಬಿಟ್ಟು ಬೇರೆಲ್ಲೂ ನಡೆದಿಲ್ಲ. ಇದನ್ನು ಯೋಗ್ಯತೆಯ ಪ್ರಮಾಣಪತ್ರ ಎಂದು ಹೇಳುತ್ತಿಲ್ಲ. ಹೊಣೆ ಹೊರಬಲ್ಲೆವು ಎಂಬುದಕ್ಕೆ ಇದು ಸಾಕು ಎನ್ನುತ್ತೇನೆ.

ಇನ್ನು ಮನುಷ್ಯಕುಲ ಮುಂದುವರಿಯಬೇಕೇ ಎಂಬ ಪ್ರಶ್ನೆಗೆ ಮನೆಮನೆಗಳಲ್ಲಿ ಆಗಲೇ ಉತ್ತರ ಬರುತ್ತಿದೆ. ಸರ್ಕಾರವೇ ಮುಂದಾಗಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದದ್ದು ಜಗತ್ತಿನಲ್ಲೇ ಮೊದಲು ಮೈಸೂರು ಸಂಸ್ಥಾನದಲ್ಲಿ, 1930ರ ಜೂನ್ 11ರಂದು ಎಂದು ಹೇಳುತ್ತಾರೆ. ಹೆಂಗಸಿನ ದೇಹಕ್ಕೂ ಬಿಡುವು ಬೇಕು ಎಂದು ಒಪ್ಪಿಕೊಂಡ ನಡೆ ಅದು. ಆಗ ಏಳೆಂಟು ಹೆರುತ್ತಿದ್ದ ಮನೆಗಳ ಮೊಮ್ಮಕ್ಕಳು ಈಗ ಎರಡಕ್ಕೆ, ಒಂದಕ್ಕೆ ನಿಲ್ಲಿಸಿದ್ದಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಒಂದು ತಲೆಮಾರಿನ ಜಾಗಕ್ಕೆ ಅಷ್ಟೇ ಜನ ಬರಬೇಕಾದರೆ 2.1 ಬೇಕು. ಯಾವ ತತ್ತ್ವಜ್ಞಾನಿಯ ಮಾತೂ ಕೇಳದೆ, ಯಾರ ಲಾಠಿಗೂ ಹೆದರದೆ, ಓದಿದ ಹೆಣ್ಣುಮಕ್ಕಳು ತಾವೇ ತೆಗೆದುಕೊಂಡ ತೀರ್ಮಾನ ಇದು. ಮಕ್ಕಳೇ ಬೇಡ ಎನ್ನುವವರಿದ್ದರೆ ಅದೂ ಅವರ ಹಕ್ಕೇ. ನಾನು ಕೈಮುಗಿಯುವುದು ಅವರ ಆಯ್ಕೆಗೆ. ಆದರೆ ಸಣ್ಣ ಸಂಸಾರ ಬೇಕು, ಅದರಲ್ಲಿ ಗಂಡು ಇರಲೇಬೇಕು ಎಂಬ ಹಟ ಸೇರಿಕೊಂಡಾಗ ಆಲೆಮನೆಗೆ ಗಿರಾಕಿ ಹುಟ್ಟುತ್ತಾರೆ. ಏಳು ಹೆರುವ ಕಾಲದಲ್ಲಿ ಗಂಡಿಗಾಗಿ ಕಾಯುತ್ತಿದ್ದರು, ಎರಡರ ಕಾಲದಲ್ಲಿ ಕಾಯುವುದಿಲ್ಲ.

ಇದರ ಫಲವೂ ಕಣ್ಣ ಮುಂದಿದೆ. 2022ರ ನವೆಂಬರಿನಲ್ಲಿ ಇದೇ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ವಧು–ವರರ ಸಮಾವೇಶ ನಡೆಯಿತು. ಗಂಡುಗಳ ಅರ್ಜಿ ಹತ್ತು ಸಾವಿರ ಮೀರಿದ್ದವು, ಹೆಣ್ಣುಗಳದು ಇನ್ನೂರೈವತ್ತರ ಆಸುಪಾಸು ಎಂದು ಪತ್ರಿಕೆಗಳು ಬರೆದವು. ಮುಂದಿನ ಫೆಬ್ರುವರಿಯಲ್ಲಿ ಮದುವೆಯಾಗದ ಹುಡುಗರು ಮಂಡ್ಯ ಜಿಲ್ಲೆಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೆಣ್ಣು ಸಿಗಲೆಂದು ಹರಕೆ ಹೊತ್ತು ನಡೆದರು. ಇದಕ್ಕೆಲ್ಲ ಭ್ರೂಣಹತ್ಯೆ ಒಂದೇ ಕಾರಣ ಎಂದರೆ ತಪ್ಪಾಗುತ್ತದೆ. ಓದಿದ ಹುಡುಗಿ ಬೇಸಾಯದ ಮನೆಗೆ ಬರಲು ಒಪ್ಪುತ್ತಿಲ್ಲ, ಅದಕ್ಕೆ ಅವಳದೇ ಆದ ನ್ಯಾಯವಾದ ಕಾರಣಗಳಿವೆ. ಗದ್ದೆಯಲ್ಲಿ ಗಂಡಸಿನ ಸಮ ದುಡಿದರೂ ಪಹಣಿಯಲ್ಲಿ ಹೆಸರಿಲ್ಲದ ತಾಯಿಯನ್ನು ಅವಳು ಚಿಕ್ಕಂದಿನಿಂದ ನೋಡಿದ್ದಾಳೆ.

ಆಲೆಮನೆಯ ಯಂತ್ರವನ್ನು ಪೊಲೀಸರು ಹಿಡಿಯಬಹುದು. ಭ್ರೂಣಲಿಂಗ ಪತ್ತೆ ತಡೆಯುವ ಕಾಯ್ದೆ 1994ರಲ್ಲೇ ಬಂದಿದೆ, ಅದನ್ನು ನೆಟ್ಟಗೆ ಜಾರಿ ಮಾಡಬೇಕು, ಸಿಕ್ಕಿಬಿದ್ದವರಿಗೆ ಶಿಕ್ಷೆಯಾಗುವವರೆಗೆ ಪ್ರಕರಣ ನಡೆಸಬೇಕು. ಆದರೆ ಗಿರಾಕಿ ಹುಟ್ಟುವ ಜಾಗ ಬೇರೆ. ಕರ್ನಾಟಕದಲ್ಲಿ 1994ರ ಜುಲೈ 30ರಿಂದಲೇ ಹೆಣ್ಣುಮಕ್ಕಳಿಗೆ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳ ಸಮ ಹಕ್ಕಿದೆ. ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ. ಹಾಗಿದ್ದೂ ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆಗೆ ವಂಶವೃಕ್ಷ ಬರೆಸುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗುತ್ತದೆ. ಬಿಡದಿದ್ದರೆ ಒಂದು ಸೀರೆ ಕೊಟ್ಟು, ತವರಿನ ಬಾಂಧವ್ಯದ ಮಾತಾಡಿ, ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುತ್ತಾರೆ. "ಅಣ್ಣತಮ್ಮಂದಿರ ಜೊತೆ ಜಗಳ ಯಾಕವ್ವ, ನಾಳೆ ತವರು ಬೇಕಲ್ಲ" ಎಂದು ಹಿರಿಯರೂ ಹೇಳುತ್ತಾರೆ. ಆ ಪತ್ರಕ್ಕೆ ಒತ್ತಿಸಿದ ಮನೆಯ ಸೊಸೆ ಬಸುರಿಯಾದಾಗ ಹೆಣ್ಣೋ ಗಂಡೋ ಎಂಬ ಆತಂಕ ಶುರುವಾಗುತ್ತದೆ. ದೇವಲಾಪುರದ ನಾಡಕಚೇರಿಗೆ ವಂಶವೃಕ್ಷದ ಅರ್ಜಿ ಹಿಡಿದು ಹೋಗುವ ಅಣ್ಣತಮ್ಮಂದಿರು, ಅಕ್ಕತಂಗಿಯರ ಹೆಸರನ್ನೂ ಅದರಲ್ಲಿ ಬರೆಸಿ, ಪಹಣಿಯಲ್ಲಿ ಅವರ ಪಾಲು ಕಾಣುವವರೆಗೆ ಜೊತೆಗೆ ನಿಂತು ಖಾತೆ ಮಾಡಿಸಿಕೊಡಬೇಕು. ಅದಕ್ಕೆ ಹೊಸ ಕಾನೂನೇನೂ ಬೇಕಾಗಿಲ್ಲ.